ಬ್ಯಾಂಕರ್ ಹಚ್ಚುವಷ್ಟು ಹೊತ್ತು

ರೈಲ್ವೆ ಸ್ಟೇಷನ್ನಿನ ಬೆನ್ನಿಗೆ ಮನೆ ಮಾಡಿಕೊಂಡವರಿಗೆ ಬರಬರುತ್ತಾ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ರೈಲ್ವೆಯಲ್ಲಿ ನೌಕರಿ ಇಲ್ಲದಿದ್ದರೂ ರೈಲ್ವೆಯ ವಿಷಯವೆಲ್ಲ ತಮಗೆ ಗೊತ್ತು ಎಂದುಕೊಳ್ಳುವ ಕಾಯಿಲೆ. ಇದಕ್ಕೆ ಔಷಧವಿಲ್ಲ. ತನಗೆ ರೋಗವಿದೆಯೆಂದು ರೋಗಿಗೆ ತಿಳಿಯುವುದೇ ಇಲ್ಲವಾದ್ದರಿಂದ ಅವನು ಸುಖವಾಗಿಯೇ ಇರುತ್ತಾನೆ. ಕಷ್ಟವೆಲ್ಲ ಅವನ ಮಾತು ನಂಬಿದವರದು. ನಾನು ಗೋವಾದ ಕುಳೆಂ ಸ್ಟೇಷನ್ನಿನ ಹಿಂದೆ ಹದಿನೆಂಟು ವರ್ಷ ಇದ್ದೆ. ಅದಿರು ಸಾಗಿಸುವ ಕಂಪನಿಯೊಂದರಲ್ಲಿ ತೂಕದ ಚೀಟಿ ಬರೆಯುವ ಗುಮಾಸ್ತ. ಲಾರಿ ಬರುತ್ತಿತ್ತು, ತೂಕದ ಕಾಟಾದ ಮೇಲೆ ನಿಲ್ಲುತ್ತಿತ್ತು, ನಾನು ಬರೆಯುತ್ತಿದ್ದೆ, ಲಾರಿ ಹೋಗುತ್ತಿತ್ತು. ಇದರಲ್ಲಿ ಜಂಬ ಪಡುವಂಥದ್ದೇನೂ ಇಲ್ಲ. ಆದರೆ ಮನುಷ್ಯನಾದ ಮೇಲೆ ಜಂಬ ಪಡಲಿಕ್ಕೆ ಏನಾದರೂ ಬೇಕಲ್ಲ, ನಾನು ರೈಲುಗಳನ್ನು ಹಿಡಿದುಕೊಂಡೆ.

ಕುಳೆಂ ದೊಡ್ಡ ಊರಲ್ಲ. ಗೋವಾದ ಬಯಲು ಇಲ್ಲಿಗೆ ಮುಗಿಯುತ್ತದೆ. ಮುಂದೆ ಘಟ್ಟ, ದೂಧಸಾಗರದ ಜಲಪಾತ, ಘಟ್ಟದ ನೆತ್ತಿಯಲ್ಲಿ ಕ್ಯಾಸಲ್ ರಾಕ್. ಅಲ್ಲಿಗೆ ಕರ್ನಾಟಕ ಬಂತು. ಸ್ಟೇಷನ್ನಿನ ಹಳದಿ ಬೋರ್ಡಿನ ಮೇಲೆ ಊರಿನ ಹೆಸರಷ್ಟೇ ಇದೆ. ನಾನು ಮಾತ್ರ ಊರಿಗೆ ಬರೆಯುವ ಕಾಗದಗಳಲ್ಲೂ ಎದುರಿಗೆ ಸಿಕ್ಕವರ ಜೊತೆಯ ಮಾತಿನಲ್ಲೂ ‘ನಮ್ಮ ಜಂಕ್ಷನ್’ ಎಂದೇ ಹೇಳುತ್ತಿದ್ದೆ. ಎರಡು ಹಳಿ ಕೂಡಿದರೆ ಮಾತ್ರ ಜಂಕ್ಷನ್ನೇ? ಇಲ್ಲಿ ಎಂಜಿನ್ನುಗಳು ಕೂಡುತ್ತವೆ, ಎರಡು ರಾಜ್ಯ ಕೂಡುತ್ತವೆ, ಕನ್ನಡ ಕೊಂಕಣಿ ಮರಾಠಿ ಹಿಂದಿ ನಾಲ್ಕೂ ಕೂಡುತ್ತವೆ ಎಂಬುದು ನನ್ನ ವಾದ. ನನ್ನ ಹೆಂಡತಿ ಗಿರಿಜಾ ಅಣ್ಣಿಗೇರಿಯವಳು, ಮಾತು ಕಡಿಮೆ. “ಬೋರ್ಡಿನ ಮ್ಯಾಲ ಬರದಿಲ್ಲಲ್ರಿ,” ಎಂದಳು ಒಮ್ಮೆ. ಬೋರ್ಡು ಬರೆಯುವವನಿಗೆ ಬಣ್ಣ ಸಾಲದೆ ಹೋಗಿರಬೇಕು ಎಂದೆ. ಅವಳು ಸುಮ್ಮನೆ ಒಳಗೆ ಹೋದಳು. ಅವಳ ಈ ಸುಮ್ಮನೆ ಒಳಗೆ ಹೋಗುವ ಅಭ್ಯಾಸ ನನ್ನ ಸಂಸಾರದ ದೊಡ್ಡ ಸಮಸ್ಯೆ. ಒಪ್ಪಿದಳೋ ಇಲ್ಲವೋ ಎನ್ನುವುದು ಎಂದೂ ಗೊತ್ತಾಗುವುದಿಲ್ಲ.

ಎಂಜಿನ್ನುಗಳು ಕೂಡುವ ವಿಷಯ ಹೇಳಿದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಘಟ್ಟ ಕಡಿದಾದ್ದರಿಂದ ಮೇಲೆ ಹೋಗುವ ಗಾಡಿಗೆ ಮುಂದಿನ ಎಂಜಿನ್ ಸಾಲುವುದಿಲ್ಲ. ಕುಳೆಂನಲ್ಲಿ ಗಾಡಿ ನಿಲ್ಲಿಸಿ ಹಿಂದುಗಡೆ ಬೇರೆ ಎಂಜಿನ್ನುಗಳನ್ನು ಜೋಡಿಸುತ್ತಾರೆ. ಅವು ಹಿಂದಿನಿಂದ ನೂಕುತ್ತವೆ. ಇವಕ್ಕೆ ಬ್ಯಾಂಕರ್ ಎಂದು ಹೆಸರು. ಈ ಬ್ಯಾಂಕರ್ ಹಚ್ಚುವಷ್ಟು ಹೊತ್ತಿನಲ್ಲಿ ನಮ್ಮ ಕಡೆಯ ಜನರ ಅರ್ಧ ಸಂಸಾರ ಪ್ಲಾಟ್‌ಫಾರ್ಮಿನ ಮೇಲೆಯೇ ನಡೆದುಹೋಗುತ್ತಿತ್ತು. ಗದಗಿನ ತಂಗಿಗೆ ಗೋಡಂಬಿ ಕಳಿಸುವವರು, ವಾಸ್ಕೋದಿಂದ ಬಂದ ಅಣ್ಣನ ಮಗುವನ್ನು ಕಿಟಕಿಯಿಂದಲೇ ಎತ್ತಿಕೊಂಡು ಮುದ್ದಾಡಿ ಒಳಗೆ ತೂರಿಸುವವರು, ಮುನಿಸಿಕೊಂಡ ಅಳಿಯನನ್ನು ಚಹಾ ಕುಡಿಸಿ ರಮಿಸುವವರು. ಎಲ್ಲರೂ ಮುಂಚಿನ ದಿನವೇ ನನ್ನ ಬಳಿ ಬರುತ್ತಿದ್ದರು. “ಸಾಹೇಬ್ರ, ಗಾಡಿ ಎಷ್ಟೊತ್ತು ನಿಂದರ್ತೈತ್ರಿ?” ನಾನು ಗಡಿಯಾರ ನೋಡುತ್ತಿದ್ದೆ. ನಾಳಿನ ಗಾಡಿಗೆ ಇವತ್ತಿನ ಗಡಿಯಾರ ನೋಡಿ ಏನು ಉಪಯೋಗ ಎಂದು ಯಾರೂ ಕೇಳುತ್ತಿರಲಿಲ್ಲ. “ಅರ್ಧಾ ತಾಸಿಗೆ ಮೋಸ ಇಲ್ಲ,” ಎನ್ನುತ್ತಿದ್ದೆ. ಹೆಚ್ಚು ಸಲ ಅದು ನಿಜವೂ ಆಗುತ್ತಿತ್ತು.

ಪಕ್ಕದ ಮನೆಯ ಬಸಪ್ಪ ಗೌಂಡಿ ಕೆಲಸದವನು. ನರಗುಂದದ ಕಡೆಯವನು, ಇಪ್ಪತ್ತೈದು ವರ್ಷದ ಹಿಂದೆ ಬಂದು ಇಲ್ಲೇ ನೆಲೆ ನಿಂತವನು. ಅವನ ಒಬ್ಬಳೇ ಮಗಳು ರೇಣುಕಾ ಹುಟ್ಟಿದ್ದೂ ಬೆಳೆದದ್ದೂ ಕುಳೆಂನಲ್ಲೇ. ಸ್ಟೇಷನ್ ರಸ್ತೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಅವಳಿಗೆ ಎರಡು ಕಡೆಯಿಂದ ಸಂಬಂಧದ ಮಾತು ಬಂದು ಎರಡೂ ಮುರಿದವು. ಬಂದವರು ಹುಡುಗಿಯನ್ನು ನೋಡಿ ಬೇಡವೆಂದಿರಲಿಲ್ಲ, ನೋಡಲಿಕ್ಕೇ ಬರಲಿಲ್ಲ. ಗೋವಾದಾಗ ಬೆಳದಾಕಿಗೆ ರೊಟ್ಟಿ ಬಡಿಯಾಕ ಬರ್ತೈತೋ ಇಲ್ಲೋ, ಅತ್ತಿ ಮಾತು ಕೇಳ್ತಾಳೋ ಇಲ್ಲೋ ಎಂದು ಊರಲ್ಲೇ ಕೂತು ತೀರ್ಮಾನ ಮಾಡಿದ್ದರು. ರೇಣುಕಾ ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳ ಗೋಡೆಯಾಚೆಯಿಂದ ಕೇಳಿಸಿದರೆ ಗಿರಿಜಾ ತನ್ನ ಕೈಯ ಹಿಟ್ಟನ್ನು ಬಿಟ್ಟು ಒಂದು ಗಳಿಗೆ ನಿಲ್ಲುತ್ತಿದ್ದಳು. ಅಂಥ ಕೈ ಅದು. ಬಸಪ್ಪ ಒಂದು ದಿನ ನಮ್ಮ ಕಟ್ಟೆಯ ಮೇಲೆ ಕೂತು, “ನೋಡಿ ಒಲ್ಲೆ ಅಂದ್ರ ತಡಕೋಬಹುದ್ರಿ ಸಾಹೇಬ್ರ. ನೋಡದ ಒಲ್ಲೆ ಅಂದ್ರ ಹುಡುಗಿ ಮಾರಿ ಹೆಂಗ ನೋಡ್ಲಿ ನಾ?” ಎಂದ.

ಮೂರನೆಯ ಸಂಬಂಧ ಬಂದದ್ದು ಅದೇ ವರ್ಷ, ಮೊಬೈಲು ಆಗಷ್ಟೇ ಎಲ್ಲರ ಜೇಬಿಗೆ ಬರುತ್ತಿದ್ದ ಕಾಲ. ಹುಡುಗ ಮಂಜುನಾಥ, ವಾಸ್ಕೋ ಬಂದರಿನಲ್ಲಿ ಫಿಟ್ಟರ್. ತಾಯಿ ನೀಲವ್ವ ಗದಗಿನ ಹತ್ತಿರದ ಹಳ್ಳಿಯಲ್ಲಿದ್ದವಳು, ವಿಧವೆ. ಮಗನ ಕೋಣೆಯಲ್ಲಿ ಒಂದು ವಾರ ಇದ್ದು ಹೋಗಲಿಕ್ಕೆ ಬಂದಿದ್ದಳು. ಭಾನುವಾರ ಬೆಳಗಿನ ಗಾಡಿಗೆ ಮಗನೇ ಅವಳನ್ನು ಊರಿಗೆ ಬಿಡಲು ಹೊರಟಿದ್ದ. ಗಾಡಿ ಹೇಗೂ ಕುಳೆಂ ಮೇಲೆಯೇ ಹೋಗುತ್ತದೆ, ಇಳಿದು ಹುಡುಗಿಯನ್ನು ನೋಡಿ ಎಂದು ಮಧ್ಯಸ್ಥರು ಹೇಳಿದರೆ ನೀಲವ್ವ ಒಪ್ಪಲಿಲ್ಲ. ಅವಳ ಕಾರಣ ನಮ್ಮ ಕಡೆಯವರಿಗೆಲ್ಲ ಅರ್ಥವಾಗುವಂಥದ್ದೇ. ಹುಡುಗಿಯ ಮನೆಯೊಳಗೆ ಹೋಗಿ ಕೂತರೆ ಸಕ್ಕರೆ ತರುತ್ತಾರೆ. ಬಾಯಿಗೆ ಸಕ್ಕರೆ ಹಾಕಿಕೊಂಡರೆ ಒಪ್ಪಿದ ಹಾಗೆ. ಹಾಕಿಕೊಳ್ಳದಿದ್ದರೆ ನಾಲ್ಕು ಜನರೆದುರು ಹುಡುಗಿಗೆ ಅವಮಾನ. “ಹೆಣ್ಣುಮಗಳ ಮನಿಯಾಗ ಕುಂತು ಒಲ್ಲೆ ಅನ್ನೂದು ನನ್ನ ಕೈಲೆ ಆಗೂದಿಲ್ಲ. ಅದಕ್ಕ ಕುಂದ್ರೂದ ಬ್ಯಾಡ,” ಎಂದಳಂತೆ. ಬಸಪ್ಪ ಈ ಸುದ್ದಿ ತಂದು ತಲೆಗೆ ಕೈ ಹೊತ್ತು ಕೂತ.

ಆಗ ನನ್ನ ಕಾಯಿಲೆ ಉಲ್ಬಣಿಸಿತು. “ಮನಿಗಿ ಯಾಕ ಬರಬೇಕೋ? ಗಾಡಿ ಅರ್ಧಾ ತಾಸು ನಿಂದರ್ತೈತಿ. ಅವರು ಕಿಡಕಿ ಹತ್ರ ಕುಂತಿರ್ಲಿ, ರೇಣುಕಾ ಪ್ಲಾಟ್‌ಫಾರ್ಮಿನ ಮ್ಯಾಲ ನಿಂದರ್ಲಿ. ಸಕ್ಕರಿ ಇಲ್ಲ, ಸಂಕೋಚ ಇಲ್ಲ,” ಎಂದೆ. ಬಸಪ್ಪ ನನ್ನ ಕಾಲು ಮುಟ್ಟುವುದೊಂದು ಬಾಕಿ. ರೇಣುಕಾಗೆ ಮಾತ್ರ ಸಿಟ್ಟು ಬಂತು. “ಕಾಕಾ, ಕಿಡಕ್ಯಾಗ ತೋರಸಾಕ ನಾ ಏನು ಗೋಡಂಬಿ ಪಾಕೀಟ ಏನ್ರಿ?” ಎಂದಳು. ಆಮೇಲೆ ತಂದೆಯ ಮುಖ ನೋಡಿ, ಯಾವ ಸೀರೆ ಉಡಲಿ ಎಂದು ಗಿರಿಜಾಳನ್ನು ಕೇಳಿದಳು. ಮಧ್ಯಸ್ಥರು ಹೇಳಿ ಕಳಿಸಿದ್ದಕ್ಕೆ ನೀಲವ್ವನೂ ಇಷ್ಟಾದರೆ ಆದೀತು ಎಂದಳು. ನಾನು ಅಂದು ಸಂಜೆಯೇ ಒಂದು ಹಾಳೆಯಲ್ಲಿ ಕಾರ್ಯಕ್ರಮ ಬರೆದೆ. ಗಾಡಿ ಬರುವುದು, ನಮಸ್ಕಾರ ಐದು ನಿಮಿಷ, ಹುಡುಗಿ ಹತ್ತು ನಿಮಿಷ, ಮಾವ ಅಳಿಯ ಮಾತು ಹತ್ತು ನಿಮಿಷ, ಬೀಳ್ಕೊಡುವುದು ಐದು ನಿಮಿಷ. ಬಸಪ್ಪನಿಗೆ ಓದಲು ಬಾರದು. ಅವನು ಆ ಹಾಳೆಯನ್ನು ದೇವರ ಪಟದ ಹಿಂದೆ ಇಟ್ಟ.

ಭಾನುವಾರ ಗಾಡಿ ಇಪ್ಪತ್ತು ನಿಮಿಷ ತಡವಾಗಿ ಬಂತು. ತಡವಾದರೇನು, ಬಂದಾಗಿನಿಂದ ಅರ್ಧ ತಾಸು ಎಂದು ನಾನು ಲೆಕ್ಕ ಹಾಕಿದೆ. ತಡವಾದ ಗಾಡಿಯನ್ನು ಬೇಗ ಕಳಿಸಲು ಬ್ಯಾಂಕರುಗಳನ್ನು ಮೊದಲೇ ತಯಾರು ಮಾಡಿ ನಿಲ್ಲಿಸಿರುತ್ತಾರೆ ಎಂಬುದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಹಾಗೆ ನೋಡಿದರೆ ಆ ಎಂಜಿನ್ನುಗಳು ಗುಡುಗುಡು ಎನ್ನುತ್ತಾ ನಿಂತದ್ದನ್ನು ಹಿತ್ತಲಿನಲ್ಲಿ ಹಲ್ಲು ಉಜ್ಜುತ್ತಾ ನಾನೇ ನೋಡಿದ್ದೆ. ಇರಲಿ. ಕಿಟಕಿಯಲ್ಲಿ ನೀಲವ್ವ ಕಂಡಳು. ಹಸಿರು ಇಳಕಲ್ ಸೀರೆ, ದಪ್ಪ ಕನ್ನಡಕ, ನಗು ಎಂಬುದು ಇಲ್ಲ. ಅವಳ ಹಿಂದೆ ಹುಡುಗನ ಅರ್ಧ ಕಿವಿ ಮತ್ತು ಒಂದು ಭುಜ ಕಾಣುತ್ತಿದ್ದವು. ಬಸಪ್ಪ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದುಕೊಂಡು ಬೋಗಿಯೊಳಗೆ ಹತ್ತಿದ. ಹತ್ತುವ ಮೊದಲು ಚಪ್ಪಲಿಯನ್ನು ಪ್ಲಾಟ್‌ಫಾರ್ಮಿನ ಮೇಲೇ ಬಿಟ್ಟ. ಬೀಗರಾಗುವವರು ಕೂತ ಜಾಗಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೋಗುವುದು ಹೇಗೆ? ರೈಲಿನ ಬಾಗಿಲ ಬಳಿ ಎರಡು ಚಪ್ಪಲಿ ಒಪ್ಪವಾಗಿ ಜೋಡಿಸಿಟ್ಟದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ನೀಲವ್ವ ಕಿಟಕಿಯಿಂದ ರೇಣುಕಾಳನ್ನು ಎರಡು ನಿಮಿಷ ನೋಡಿ, “ನಿಂತಲ್ಲೆ ನೋಡಿದ್ರ ಏನ ತಿಳೀತೈತಿ, ಕೆಳಗಿಳೀತೀನಿ ತಡೀರಿ,” ಎಂದು ಇಳಿದೇಬಿಟ್ಟಳು. ನನಗೆ ಎಲ್ಲಿಲ್ಲದ ಆನಂದ. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ನಿಂತು ಬ್ಯಾಂಕರುಗಳ ವಿಷಯ ವಿವರಿಸಲು ಶುರುಮಾಡಿದೆ. ಘಟ್ಟ ಎಷ್ಟು ಕಡಿದು, ಎಂಜಿನ್ ಹೇಗೆ ನೂಕುತ್ತದೆ, ಯಾಕೆ ಅರ್ಧ ತಾಸು ಹಿಡಿಯುತ್ತದೆ. ಅವಳು ಬಹಳ ಗಮನವಿಟ್ಟು ಕೇಳಿದಳು. ಅಷ್ಟರಲ್ಲಿ ಗಾಡಿ ಧಡಕ್ ಎಂದಿತು. ಗಿರಿಜಾ ಬೆಚ್ಚಿ, “ರೀ, ಗಾಡಿ ಹೊಂಟಿತಲ್ರಿ!” ಎಂದಳು. ನಾನು ಕೈಯೆತ್ತಿ ಸಮಾಧಾನ ಹೇಳಿದೆ. “ಏ, ಹೆದರಬ್ಯಾಡ. ಅದು ಬ್ಯಾಂಕರ್ ಹಚ್ಚಿದ ಧಕ್ಕಿ. ಒಂದೀಟು ಮುಂದ ಸರದು ನಿಂದರ್ತೈತಿ. ಇನ್ನೂ ಇಪ್ಪತ್ತು ನಿಮಿಷ ಐತಿ, ನೋಡಿಲ್ಲೆ,” ಎಂದು ಗಡಿಯಾರ ತೋರಿಸಿದೆ. ಗಾಡಿ ಒಂದೀಟು ಮುಂದೆ ಸರಿಯಿತು. ಇನ್ನೊಂದೀಟು ಸರಿಯಿತು. ಬೋಗಿಯ ಬಾಗಿಲಲ್ಲಿ ಬಸಪ್ಪನ ಮುಖ ಹಾದುಹೋಯಿತು. ಅವನೂ ನನ್ನನ್ನು ನಂಬಿಕೊಂಡು ನಿಶ್ಚಿಂತೆಯಿಂದ ನಿಂತಿದ್ದ. ಹಿಂದಿನ ಬ್ಯಾಂಕರು ನಮ್ಮೆದುರು ಹಾದುಹೋದಾಗ ನನಗೆ ಜ್ಞಾನೋದಯವಾಗಿ ಓಡಿದೆ. ಪ್ಲಾಟ್‌ಫಾರ್ಮು ಮುಗಿಯುವವರೆಗೂ ಓಡಿದೆ. ರೈಲಿನ ಹಿಂದೆ ಓಡಿ ಏನು ಮಾಡಬೇಕೆಂದಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ.

ತಿರುಗಿ ಬಂದಾಗಿನ ಪರಿಸ್ಥಿತಿ ಇಷ್ಟು. ಹುಡುಗಿಯ ತಂದೆ ಬರಿಗಾಲಲ್ಲಿ, ಟಿಕೆಟ್ಟಿಲ್ಲದೆ, ರೊಟ್ಟಿಯ ಗಂಟಿನ ಸಮೇತ ಕರ್ನಾಟಕದ ಕಡೆ ಹೊರಟಿದ್ದ. ಹುಡುಗನ ತಾಯಿ ಎಲೆಯಡಿಕೆ ಚೀಲವೂ ಇಲ್ಲದೆ ಗೋವಾದಲ್ಲಿ ಉಳಿದಿದ್ದಳು. ನಡುವೆ ಘಟ್ಟ. ಹುಡುಗನ ಮೊಬೈಲಿಗೆ ಘಟ್ಟದಲ್ಲಿ ಸಿಗ್ನಲ್ ಇಲ್ಲ. ನೀಲವ್ವ ಎದ್ದು ನಿಂತು, “ಇದೇನ್ರಿ ನಿಮ್ಮ ಅರ್ಧಾ ತಾಸು?” ಎಂದು ಅಷ್ಟೇ ಕೇಳಿದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎರಡು ಸಂಬಂಧ ಹುಡುಗಿಯನ್ನು ನೋಡದೆ ಮುರಿದಿದ್ದವು; ಮೂರನೆಯದನ್ನು ಅವರು ನೋಡುತ್ತಿರುವಾಗಲೇ ನಾನು ಮುರಿದಿದ್ದೆ. ಬಸಪ್ಪ ವಾಪಸು ಬಂದರೆ ಏನು ಮುಖ ತೋರಿಸಲಿ ಎಂದು ನನ್ನ ಕಣ್ಣಲ್ಲಿ ನೀರೇ ಬಂತು.

ಮುಂದೇನು ಎಂದು ಯೋಚಿಸಿದವಳು ರೇಣುಕಾ ಒಬ್ಬಳೇ. ಸೆರಗು ಸೊಂಟಕ್ಕೆ ಸಿಗಿಸಿ ಸ್ಟೇಷನ್ ಮಾಸ್ತರರ ಕೋಣೆಗೆ ನಡೆದಳು. ಬಾಗಿಲಲ್ಲಿದ್ದ ಪಾಯಿಂಟ್ಸ್‌ಮನ್ ಜೊತೆ ಕೊಂಕಣಿಯಲ್ಲಿ, ಒಳಗಿದ್ದ ಮಾಸ್ತರರ ಜೊತೆ ಹಿಂದಿಯಲ್ಲಿ, ಹಿಂದೆ ಹಿಂದೆ ಹೋಗಿ ನಡುವೆ ಬಾಯಿ ಹಾಕಿದ ನನ್ನ ಜೊತೆ ಅಚ್ಚ ನರಗುಂದದ ಕನ್ನಡದಲ್ಲಿ ಮಾತಾಡಿದಳು. “ಕಾಕಾ, ನೀವು ಒಂದೀಟು ಹೊರಗ ನಿಂದರ್ರಿ. ಈಗ ಟೈಮ್ ಹೇಳಬ್ಯಾಡ್ರಿ,” ಎಂದಳು. ಮಾಸ್ತರರು ಮೊದಲು ಇದು ರೈಲ್ವೆಯ ಕೆಲಸವಲ್ಲ ಎಂದರು. ಇವಳು ದನಿ ಏರಿಸಲಿಲ್ಲ. ಬರಿಗಾಲಿನ ಮುದುಕನೊಬ್ಬ ಮೇಲೆ ದಿಕ್ಕು ತಪ್ಪಿ ನಿಂತರೆ ಅದು ಯಾರ ಕೆಲಸ ಎಂದು ಕೇಳಿದಳು. ಅವರು ಫೋನ್ ಎತ್ತಿದರು. ಕ್ಯಾಸಲ್ ರಾಕಿನಲ್ಲಿ ಇಬ್ಬರನ್ನೂ ಇಳಿಸಿ, ಕೆಳಗೆ ಬರುವ ಮುಂದಿನ ಗಾಡಿಗೆ ಹತ್ತಿಸುವುದೆಂದು ಮಾತಾಯಿತು. ಕೋಣೆಯ ಹೊರಗೆ ಗೋಡೆಗೆ ಒರಗಿ ನಿಂತ ನೀಲವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಇಷ್ಟು ಮಾತಾಡುವ ಸೊಸೆ ಬೇಡವೆಂದು ಆಗಲೇ ನಿಶ್ಚಯಿಸಿದಳು ಎಂದು ನಾನು ಒಳಗೊಳಗೇ ಸತ್ತೆ.

ನಾಲ್ಕು ತಾಸು ಅವಳು ನಮ್ಮ ಮನೆ, ಬಸಪ್ಪನ ಮನೆ ಎರಡರಲ್ಲೂ ಓಡಾಡಿಕೊಂಡಿದ್ದಳು. ಮೊದಲು ಒಲ್ಲೆನೆಂದವಳು ಆಮೇಲೆ ರೇಣುಕಾ ಬಡಿದ ರೊಟ್ಟಿ ಒಂದೂವರೆ ತಿಂದಳು. ಆದರೆ ಚಹಾ ಕೊಡುವಾಗ, “ಸಕ್ಕರಿ ಹಾಕಬ್ಯಾಡವಾ,” ಎಂದಳು. ಗಿರಿಜಾ ನನ್ನ ಮುಖ ನೋಡಿದಳು. ಸಕ್ಕರೆಯಿಲ್ಲದ ಚಹಾ ಎಂದರೆ ಮಾತು ಮುಗಿದ ಹಾಗೆಯೇ. ನಾನು ಸ್ಟೇಷನ್ನಿಗೂ ಮನೆಗೂ ಹನ್ನೊಂದು ಸಲ ತಿರುಗಿದೆ. ನೀಲವ್ವ ಎದುರಾದಾಗಲೆಲ್ಲ ಕೈ ಮುಗಿದು, “ತಪ್ಪು ಪೂರಾ ನಂದ್ರಿ ಅಕ್ಕಾರ, ಹುಡುಗೀದು ಏನೂ ಇಲ್ರಿ,” ಎನ್ನುತ್ತಿದ್ದೆ. ಅವಳು ಪ್ರತಿ ಸಲವೂ ಹೂಂ ಎನ್ನುತ್ತಿದ್ದಳು.

ಮಧ್ಯಾಹ್ನದ ಗಾಡಿಯಿಂದ ಇಬ್ಬರೂ ಇಳಿದರು. ಬಸಪ್ಪ ನಗುತ್ತಿದ್ದ. ಕ್ಯಾಸಲ್ ರಾಕ್ ತಲುಪುವ ಮೊದಲೇ ಟಿ.ಸಿ. ಬಂದು, ಟಿಕೆಟ್ಟಿಲ್ಲದೆ ಬರಿಗಾಲಲ್ಲಿ ಕೂತ ಇವನನ್ನು ಯಾರು ನೀನು ಎಂದು ಗದರಿದನಂತೆ. ಆಗ ಹುಡುಗ ಎದ್ದು ನಿಂತು, “ನಮ್ಮ ಮಾವನವರ್ರಿ. ನಮಗ ಬುತ್ತಿ ಕೊಡಾಕ ಹತ್ತಿದ್ರು, ಇಳಿಯಾಕ ಆಗಲಿಲ್ಲ,” ಎಂದನಂತೆ. ಇದನ್ನು ಬಸಪ್ಪ ಪ್ಲಾಟ್‌ಫಾರ್ಮಿನಿಂದ ಮನೆ ಮುಟ್ಟುವುದರೊಳಗೆ ಮೂರು ಸಲ ಹೇಳಿದ. ಅವನ ಕಾಲಲ್ಲಿ ಹೊಸ ಚರ್ಮದ ಚಪ್ಪಲಿ ಇದ್ದವು. ಹುಡುಗ ಎರಡು ಕೈಯಲ್ಲಿ ಎರಡು ಚೀಲ ಹಿಡಿದು ಸುಡುವ ಜಲ್ಲಿಯ ಮೇಲೆ ಬರಿಗಾಲಲ್ಲಿ ಬರುತ್ತಿದ್ದ. ಬಾಗಿಲಲ್ಲಿ ನಿಂತ ರೇಣುಕಾ ಅವನ ಕಾಲು ನೋಡಿದಳು, ಆಮೇಲೆ ಮುಖ ನೋಡಿದಳು. ಅವನನ್ನು ಅವಳು ಪೂರ್ತಿಯಾಗಿ ನೋಡಿದ್ದು ಆಗಲೇ.

ಎಲ್ಲರೂ ಕೂತ ಮೇಲೆ ನೀಲವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು, “ಯವ್ವಾ ರೇಣುಕಾ, ಇನ್ನೊಂದು ಕಪ್ಪು ಚಹಾ ಮಾಡ್ತೀಯೇನ? ಈ ಸಲ ಸಕ್ಕರಿ ಹಾಕು. ನಿನಗ ಹಾಕಬೇಕನಿಸಿದ್ರ ಅಷ್ಟ,” ಎಂದಳು. ರೇಣುಕಾ ಅಲ್ಲೇ ನಿಂತಳು. ಬಸಪ್ಪನ ಉಸಿರು ನನಗೆ ಕೇಳಿಸುತ್ತಿತ್ತು. ಅವಳು ಒಳಗೆ ಹೋಗಿ ಚಹಾ ತಂದಳು. ನೀಲವ್ವ ಒಂದು ಗುಟುಕು ಕುಡಿದು, “ಭಾಳ ಹಾಕೀಯವಾ,” ಎಂದಳು. ಬಸಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಅತ್ತ. ನಾನೂ ಅತ್ತೆ, ಆದರೆ ನನ್ನದನ್ನು ಯಾರೂ ಗಮನಿಸಲಿಲ್ಲ.

ತಾಯಿ ಮಗ ಸಂಜೆಯ ಗಾಡಿಗೆ ಹೋದರು. ಮರುದಿನ ಬೆಳಿಗ್ಗೆ ನಾನು ಕಾಟಾದ ಬಳಿ ಚೀಟಿ ಬರೆಯುತ್ತಿದ್ದಾಗ ನಮ್ಮ ಕಡೆಯ ಲಾರಿ ಡ್ರೈವರೊಬ್ಬ ತಲೆ ಹೊರಗೆ ಹಾಕಿ, “ಸಾಹೇಬ್ರ, ಭಾರೀ ಹೂಡಿದ್ರಿ ಬಿಡ್ರಿ! ಬೇಕಂತನ ಟೈಮ್ ತಪ್ಪಿ ಹೇಳಿ ಮುದುಕೀನ ಇಳಿಸಿಕೊಂಡ್ರಂತಲ್ರಿ?” ಎಂದ. ಅಲ್ಲಪ್ಪಾ ಎನ್ನಲು ಬಾಯಿ ತೆರೆದೆ. ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಸಂಜೆಯೊಳಗೆ ಇಡೀ ವಸ್ತಿಯಲ್ಲಿ ಅದೇ ಮಾತು. ನಾಲ್ಕು ದಿನಕ್ಕೆ ಇಂಥ ಯುಕ್ತಿ ನನಗೆ ಹೇಗೆ ಹೊಳೆಯಿತು ಎಂದು ಕೇಳಿದವರಿಗೆ ನಾನೇ ವಿವರ ಕೊಡುತ್ತಿದ್ದೆ. ಸುಳ್ಳನ್ನು ಮೊದಲ ಸಲ ಹೇಳುವಾಗ ಸ್ವಲ್ಪ ನಾಚಿಕೆಯಾಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಗಿರಿಜಾ ಕೇಳಿಸಿಕೊಂಡು ಸುಮ್ಮನೆ ಒಳಗೆ ಹೋಗುತ್ತಿದ್ದಳು.

ಮೂರು ತಿಂಗಳ ಮೇಲೆ ಗಂಡಿನ ಊರಲ್ಲಿ ಮದುವೆ. ಬಸಪ್ಪ ನನಗೆ ಎಲ್ಲರೆದುರು ತಲೆಗೆ ಪಟಗಾ ಸುತ್ತಿಸಿ, “ಈ ಲಗ್ನ ಮಾಡಿಸಿದವರು ಇವರ,” ಎಂದ. ಪಟಗಾ ತಲೆಗೇರಿದರೆ ಒಂದು ಬಗೆಯ ಧೈರ್ಯ ಬರುತ್ತದೆ. ನಾನು ನೇರವಾಗಿ ನೀಲವ್ವನ ಬಳಿ ಹೋಗಿ, “ಅಕ್ಕಾರ, ಆವತ್ತು ನಿಮಗ ತ್ರಾಸ ಕೊಟ್ಟೆ. ಆದ್ರ ಏನ್ಮಾಡ್ಲಿ, ಒಳ್ಳೇದಕ್ಕಂತನ ಆ ಯುಕ್ತಿ ಮಾಡಬೇಕಾತು,” ಎಂದೆ. ಅವಳು ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅವತ್ತೇ.

“ಅಣ್ಣಾರ, ನಮ್ಮ ಮನಿಯವರು ರೈಲ್ವೆದಾಗ ಗ್ಯಾಂಗ್‌ಮನ್ ಇದ್ರು. ಇಪ್ಪತ್ತು ವರ್ಷ ಹಳಿ ಬಾಜೂಕ ಸಂಸಾರ ಮಾಡೀನಿ. ಎಂಜಿನ್ ಕೂಡಿದ ಧಕ್ಕಿ ಯಾವ್ದು, ಗಾಡಿ ಎಳದ ಧಕ್ಕಿ ಯಾವ್ದು ನನಗ ತಿಳಿಯೂದಿಲ್ಲೇನ್ರಿ? ನೀವು ಗಡಿಯಾರ ತೋರಸೂಮುಂದ ಹಿಂದ ಗಾರ್ಡ್ ಹಸರ ನಿಶಾನಿ ತೋರಸಾಕತ್ತಿದ್ದ. ನೀವು ಹೇಳೂದು ಕೇಳಾಕ ಛಂದ ಇತ್ತು, ಅದಕ್ಕ ನಡುವ ಬಾಯಿ ಹಾಕಲಿಲ್ಲ.”

“ಮತ್ತ... ನೀವ್ಯಾಕ ಹತ್ತಲಿಲ್ರಿ?” ಎಂದೆ.

“ಕಿಡಕ್ಯಾಗಿಂದ ನೋಡಿದ್ರ ಸೀರಿ ಕಾಣ್ತೈತ್ರಿ, ಹುಡುಗಿ ಕಾಣೂದಿಲ್ಲ. ಮನಿಗಿ ಬರ್ತೀನಿ ಅಂದಿದ್ರ ನೀವೆಲ್ಲಾ ಸಕ್ಕರಿ ಹಿಡಕೊಂಡು ನಿಂದರ್ತಿದ್ರಿ. ಗಾಡಿ ತಪ್ಪಿದಾಕಿ ಮುಂದ ಸಕ್ಕರಿ ಯಾರ ಹಿಡೀತಾರ?” ಎಂದು ಅವಳು ಅಕ್ಷತೆಯ ತಟ್ಟೆ ತೆಗೆದುಕೊಂಡು ಹೋದಳು.

ನಾನು ಹೆಂಗಸರ ಪಂಕ್ತಿಯಲ್ಲಿದ್ದ ಗಿರಿಜಾಳನ್ನು ಹುಡುಕಿ ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. “ಆವತ್ತ ನಮ್ಮ ಹಿತ್ತಲದಾಗ ಕಾಲು ತೊಳಕೊಳ್ಳೂಮುಂದ ಅಕ್ಕಾರು ನನಗ ಹೇಳಿದ್ರಲ್ರಿ,” ಎಂದಳು. ನನಗೆ ಯಾಕೆ ಹೇಳಲಿಲ್ಲ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಅವಳು ಓರೆಯಾಗಿದ್ದ ನನ್ನ ಪಟಗಾವನ್ನು ಎರಡೂ ಕೈಯಿಂದ ಸರಿಮಾಡುತ್ತಾ ಹೇಳಿದಳು. “ಆವತ್ತು ತಪ್ಪು ಪೂರಾ ನಂದು ಅಂತ ಅಳಾಕತ್ತಿದ್ರಿ. ಮರುದಿನಾ ಯುಕ್ತಿ ಪೂರಾ ನಂದು ಅಂತ ನಗಾಕತ್ತಿದ್ರಿ. ನಡುವ ನಾ ಹೇಳಬೇಕಂದ್ರ ನೀವು ಎಲ್ಲಿ ನಿಂತ್ರಿ?”